ಬಿಂಬದ ಋಣ: ಯಮಗಾತ ಸಾಕ್ಷ್ಯಚಿತ್ರೋತ್ಸವದ ಒಂದು ಪರಾಮರ್ಶೆ

ಅಂಗಡಿಯಿಂದ ಒಂದು ಸೇರು ಅಕ್ಕಿಯನ್ನು ಕಡವಾಗಿ ಒಯ್ದವನು ಅದರ ಬೆಲೆಯನ್ನು ತೀರಿಸಬೇಕೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ವಸ್ತು ಕಣ್ಣಿಗೆ ಕಾಣುತ್ತದೆ, ತೂಕಕ್ಕೆ ಸಿಕ್ಕುತ್ತದೆ, ಖಾತೆಯಲ್ಲಿ ದಾಖಲಾಗುತ್ತದೆ. ಆದರೆ ಒಬ್ಬ ಮನುಷ್ಯನ ಮುಖವನ್ನು, ಮಾತನ್ನು, ಕಣ್ಣೀರನ್ನು ಯಂತ್ರದಲ್ಲಿ ಹಿಡಿದುಕೊಂಡು ಹೋದವನು ತೀರಿಸಬೇಕಾದುದೇನು? ಕಥಾಚಿತ್ರದ ನಟನಿಗೆ ಸಂಭಾವನೆಯುಂಟು, ಕರಾರುಂಟು. ಅವನು ಅಳುವ ಅಳು ಅವನದಲ್ಲ. ಸಾಕ್ಷ್ಯಚಿತ್ರದಲ್ಲಿ ಕಾಣಿಸಿಕೊಳ್ಳುವ ರೈತನಾಗಲಿ, ಕಾರ್ಮಿಕನಾಗಲಿ, ವೃದ್ಧೆಯಾಗಲಿ ಕೊಡುವುದು ತಮ್ಮದೇ ಬದುಕನ್ನು. ಆ ಚಿತ್ರ ದೂರದ ಊರೊಂದರಲ್ಲಿ ಪ್ರದರ್ಶಿತವಾಗಿ ಕೀರ್ತಿ ಸಲ್ಲುವುದು ಮಾತ್ರ ನಿರ್ದೇಶಕನಿಗೆ. ಈ ವ್ಯವಹಾರ ನ್ಯಾಯವಾದುದೇ ಎಂಬ ಪ್ರಶ್ನೆಯನ್ನು ಏಷ್ಯಾದ ಚಿತ್ರಕಾರರು ಗಂಭೀರವಾಗಿ ಎತ್ತಿಕೊಂಡ ಸ್ಥಳವೊಂದಿದೆ. ಅದು ಜಪಾನಿನ ಈಶಾನ್ಯ ಭಾಗದ ಯಮಗಾತ ನಗರ; ಸಂದರ್ಭ, ಅಲ್ಲಿ ಎರಡು ವರ್ಷಗಳಿಗೊಮ್ಮೆ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವ.

ಯಮಗಾತ ದೊಡ್ಡ ನಗರವಲ್ಲ. ಸುತ್ತಲೂ ಬೆಟ್ಟ, ಬತ್ತದ ಗದ್ದೆ, ಹಣ್ಣಿನ ತೋಟಗಳು. ಚಳಿಗಾಲದಲ್ಲಿ ದಟ್ಟವಾದ ಹಿಮ. 1889ರಲ್ಲಿ ನಗರಸಭೆಯ ಸ್ಥಾನಮಾನ ಪಡೆದ ಈ ಊರು 1989ರಲ್ಲಿ ತನ್ನ ಶತಮಾನೋತ್ಸವವನ್ನು ಆಚರಿಸಿಕೊಂಡಿತು. ಇಂಥ ಸಂದರ್ಭಗಳಲ್ಲಿ ಪ್ರತಿಮೆಯೊಂದನ್ನು ನಿಲ್ಲಿಸುವುದೋ, ಭವನವೊಂದನ್ನು ಕಟ್ಟುವುದೋ ಎಲ್ಲೆಡೆಯ ರೂಢಿ. ಯಮಗಾತದವರು ಆಯ್ದುಕೊಂಡದ್ದು ಸಾಕ್ಷ್ಯಚಿತ್ರಗಳ ಉತ್ಸವವನ್ನು. ಏಷ್ಯಾ ಖಂಡದಲ್ಲಿ ಸಾಕ್ಷ್ಯಚಿತ್ರಗಳಿಗೆಂದೇ ಮೀಸಲಾದ ಅಂತರರಾಷ್ಟ್ರೀಯ ಉತ್ಸವಗಳಲ್ಲಿ ಇದು ಮೊದಲ ಸಾಲಿನದು. ಈ ಆಯ್ಕೆಯ ಹಿಂದೆ ಒಬ್ಬ ವ್ಯಕ್ತಿಯ ಪ್ರೇರಣೆಯಿತ್ತು. ಅವರು ಒಗಾವ ಶಿನ್ಸುಕೆ.

ಒಗಾವ ಅವರ ಹೆಸರು ಮೊದಲು ಪ್ರಸಿದ್ಧವಾದುದು ಸನ್ರಿಜುಕದ ರೈತರಿಂದ. 1966ರಲ್ಲಿ ಜಪಾನ್ ಸರ್ಕಾರವು ಟೋಕಿಯೋ ಸಮೀಪದ ನರಿತಾದಲ್ಲಿ ವಿಮಾನ ನಿಲ್ದಾಣವನ್ನು ಕಟ್ಟಲು ನಿರ್ಧರಿಸಿದಾಗ ಭೂಮಿ ಕಳೆದುಕೊಳ್ಳಲಿದ್ದ ರೈತರು ಪ್ರತಿಭಟನೆಗಿಳಿದರು. ಪತ್ರಿಕೆಯವರು ಘರ್ಷಣೆಯ ದಿನ ಬಂದು ಸಂಜೆಗೆ ಹಿಂದಿರುಗುತ್ತಿದ್ದರು. ಒಗಾವ ಮತ್ತು ಅವರ ಸಂಗಡಿಗರು ರೈತರ ನಡುವೆಯೇ ಬಿಡಾರ ಹೂಡಿದರು. 1968ರಿಂದ 1977ರವರೆಗೆ ಅಲ್ಲಿ ಏಳು ಚಿತ್ರಗಳು ತಯಾರಾದವು. ಅವುಗಳನ್ನು ಅನುಕ್ರಮವಾಗಿ ನೋಡಿದವರಿಗೆ ಒಂದು ಬದಲಾವಣೆ ಸ್ಪಷ್ಟವಾಗುತ್ತದೆ. ಮೊದಲ ಚಿತ್ರಗಳಲ್ಲಿ ಪೊಲೀಸರು, ಬಡಿಗೆಗಳು, ಕೂಗಾಟ. 1973ರ ‘ಹೆತ ಗ್ರಾಮ’ ಎಂಬ ಚಿತ್ರಕ್ಕೆ ಬರುವಾಗ ಕ್ಯಾಮೆರಾ ಸುಮ್ಮನೆ ಕುಳಿತು ಹಳ್ಳಿಗರ ಮಾತನ್ನು ಆಲಿಸುತ್ತದೆ. ಮಾತು ಮುಗಿಯುವವರೆಗೆ ಕತ್ತರಿ ಅಡ್ಡ ಬರುವುದಿಲ್ಲ. ಹೋರಾಟ ಮಾಡುತ್ತಿರುವವರು ಯಾರು, ಅವರು ಕಳೆದುಕೊಳ್ಳಲಿರುವ ಊರು ಎಂಥದು ಎಂಬುದು ಘೋಷಣೆಗಳಿಗಿಂತ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಆನಂತರ 1970ರ ದಶಕದ ಮಧ್ಯಭಾಗದಲ್ಲಿ ಒಗಾವ ತಂಡವು ರೈತಕವಿ ಕಿಮುರಾ ಮಿಚಿಯೊ ಅವರ ಆಹ್ವಾನದ ಮೇರೆಗೆ ಯಮಗಾತ ಪ್ರಾಂತದ ಮಗಿನೊ ಎಂಬ ಹಳ್ಳಿಗೆ ಬಂದು ನೆಲೆಸಿತು. ಅವರು ಮಾಡಿದ ಮೊದಲ ಕೆಲಸ ಚಿತ್ರೀಕರಣವಲ್ಲ, ಬೇಸಾಯ. ಗದ್ದೆ ಪಡೆದು ಬತ್ತ ಬೆಳೆದರು. ಮಣ್ಣಿನ ಶಾಖವನ್ನು ಅಳೆದರು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಎಂದು ನಕ್ಷೆ ಬರೆದರು. 1982ರಲ್ಲಿ ಹೊರಬಂದ ಫುರುಯಾಶಿಕಿ ಗ್ರಾಮದ ಕುರಿತ ಚಿತ್ರದಲ್ಲಿ ಬೆಟ್ಟದ ತಣ್ಣನೆಯ ಗಾಳಿ ಬೆಳೆಯನ್ನು ಹೇಗೆ ಕೆಡಿಸುತ್ತದೆಂಬುದನ್ನು ವಿವರಿಸಲು ಕಣಿವೆಯ ಮಾದರಿಯನ್ನೇ ನಿರ್ಮಿಸಿ, ಅದರ ಮೇಲೆ ಹೊಗೆ ಹರಿಯಬಿಟ್ಟು ತೋರಿಸುತ್ತಾರೆ. 1986ರಲ್ಲಿ ಪೂರ್ಣಗೊಂಡ ಮಗಿನೊ ಗ್ರಾಮದ ಕಥನ ಮೂರೂವರೆ ಗಂಟೆಗೂ ದೀರ್ಘವಾದುದು. ಬತ್ತದ ಹೂವು ಅರಳಿ ಮುಚ್ಚುವ ಅಲ್ಪಾವಧಿಯನ್ನು ಅದು ಎಷ್ಟು ಶ್ರದ್ಧೆಯಿಂದ ತೋರಿಸುತ್ತದೆಯೋ, ಹಳ್ಳಿಯ ಹಿಂದಿನ ಕಾಲದ ಕಥೆಗಳನ್ನೂ ಅಷ್ಟೇ ಶ್ರದ್ಧೆಯಿಂದ ತೋರಿಸುತ್ತದೆ. ಆ ಕಥೆಗಳಲ್ಲಿ ನಟರ ಜೊತೆಗೆ ಗ್ರಾಮಸ್ಥರೇ ಪಾತ್ರ ವಹಿಸಿದ್ದಾರೆ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಊರಿನಲ್ಲಿದ್ದು ತೆಗೆದ ಚಿತ್ರವಿದು. ಗದ್ದೆಯಲ್ಲಿ ಬೆವರು ಸುರಿಸದವನಿಗೆ ರೈತನ ಮುಖವನ್ನು ಒಯ್ಯುವ ಹಕ್ಕಿಲ್ಲವೆಂಬಂತೆ ಇವರು ನಡೆದುಕೊಂಡರು.

ಇಂಥ ಹಿನ್ನೆಲೆಯಿಂದ ಹುಟ್ಟಿದ ಉತ್ಸವವೂ ಮೊದಲ ವರ್ಷವೇ ಒಂದು ಮುಜುಗರವನ್ನು ಎದುರಿಸಬೇಕಾಯಿತು. 1989ರ ಅಂತರರಾಷ್ಟ್ರೀಯ ಸ್ಪರ್ಧೆಗೆ ಏಷ್ಯಾದ ಒಂದು ಚಿತ್ರವೂ ಆಯ್ಕೆಯಾಗಲಿಲ್ಲ. ಏಷ್ಯಾದ ನೆಲದಲ್ಲಿ ನಡೆಯುವ ಸಮಾರಂಭದಲ್ಲಿ ಏಷ್ಯಾದವರೇ ಪ್ರೇಕ್ಷಕರ ಸಾಲಿನಲ್ಲಿ ಉಳಿದರು. ಇದನ್ನು ಮುಚ್ಚಿಡುವ ಬದಲು ಒಗಾವ ಅವರು ಅಲ್ಲಿಗೆ ಬಂದಿದ್ದ ಏಷ್ಯಾದ ಚಿತ್ರಕಾರರನ್ನು ಒಂದೆಡೆ ಕೂಡಿಸಿ ಚರ್ಚೆಗೆ ಹಚ್ಚಿದರು. ಹಣ, ಉಪಕರಣ, ಸ್ವಾತಂತ್ರ್ಯ ಇವುಗಳಲ್ಲಿ ಒಂದಲ್ಲ ಒಂದರ ಕೊರತೆ ಎಲ್ಲ ದೇಶಗಳಲ್ಲೂ ಇತ್ತು. ಫಿಲಿಪೈನ್ಸಿನ ಕಿಡ್ಲಾಟ್ ತಾಹಿಮಿಕ್ ಅವರು ಒಂದು ಘೋಷಣಾಪತ್ರವನ್ನು ಸಿದ್ಧಪಡಿಸಿದರು. ಉಳಿದವರು ಸಹಿ ಹಾಕಿದರು. ಮುಂದಿನ ಉತ್ಸವಗಳಲ್ಲಿ ಏಷ್ಯಾದ ಹೊಸ ಚಿತ್ರಗಳಿಗೆ ಪ್ರತ್ಯೇಕ ವಿಭಾಗ ರೂಪುಗೊಂಡಿತು. 1992ರ ಫೆಬ್ರವರಿಯಲ್ಲಿ ಒಗಾವ ತೀರಿಕೊಂಡ ಮೇಲೆ ಆ ವಿಭಾಗದ ಪ್ರಶಸ್ತಿಗೆ ಅವರ ಹೆಸರನ್ನೇ ಇಡಲಾಯಿತು.

ಉತ್ಸವದ ಮಹಾಪ್ರಶಸ್ತಿಯಾದರೋ ರಾಬರ್ಟ್ ಮತ್ತು ಫ್ರಾನ್ಸಿಸ್ ಫ್ಲಾಹರ್ಟಿ ದಂಪತಿಗಳ ಹೆಸರಿನಲ್ಲಿದೆ. 1922ರ ‘ನ್ಯಾನೂಕ್ ಆಫ್ ದಿ ನಾರ್ತ್’ ಚಿತ್ರದ ನಿರ್ದೇಶಕ ಫ್ಲಾಹರ್ಟಿಯವರನ್ನು ಸಾಕ್ಷ್ಯಚಿತ್ರದ ಪಿತಾಮಹರೆಂದು ಕರೆಯುವುದುಂಟು. ಅವರೂ ಉತ್ತರದ ಹಿಮಪ್ರದೇಶದ ಇನ್ಯುಯಿಟ್ ಜನರೊಡನೆ ದೀರ್ಘಕಾಲ ಬಾಳಿದವರು, ತೆಗೆದುದನ್ನು ಅವರಿಗೆ ತೋರಿಸಿದವರು. ಆದರೆ ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ ಹಳೆಯ ಈಟಿಯನ್ನು ಕೊಟ್ಟು ಚಿತ್ರೀಕರಿಸಿದರು. ನಾಯಕನ ನಿಜನಾಮವನ್ನು ಬಿಟ್ಟು ಬೇರೊಂದು ಹೆಸರಿಟ್ಟರು. ಒಂದೇ ಉತ್ಸವದ ಈ ಎರಡು ಪ್ರಶಸ್ತಿಗಳ ಹೆಸರುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಜೊತೆಯಲ್ಲಿ ಬಾಳುವುದೊಂದೇ ಸಾಲದು, ಕಂಡುದನ್ನು ಕಂಡಂತೆ ಹೇಳುವ ನಿಷ್ಠೆಯೂ ಬೇಕು ಎಂಬುದು ಮನದಟ್ಟಾಗುತ್ತದೆ.

ಒಗಾವ ಪ್ರಶಸ್ತಿಯ ಸಾರ್ಥಕತೆಯನ್ನು ತೋರಿಸಲು ಒಂದು ಉದಾಹರಣೆ ಸಾಕು. 1995ರಲ್ಲಿ ಅದನ್ನು ಪಡೆದವರು ದಕ್ಷಿಣ ಕೊರಿಯಾದ ಬ್ಯುನ್ ಯಂಗ್-ಜೂ ಎಂಬ ತರುಣಿ. ಅವರ ಚಿತ್ರದ ಕೊರಿಯನ್ ಹೆಸರಿಗೆ ‘ತಗ್ಗಿದ ದನಿ’ ಎಂದರ್ಥ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೈನ್ಯವು ಲೈಂಗಿಕ ದಾಸ್ಯಕ್ಕೆ ನೂಕಿದ ಕೊರಿಯಾದ ಸ್ತ್ರೀಯರಲ್ಲಿ ಬದುಕುಳಿದು ಮುಪ್ಪಾದವರೇ ಅದರ ವಸ್ತು. 1992ರ ಜನವರಿಯಿಂದ ಈ ವೃದ್ಧೆಯರು ಮತ್ತು ಅವರ ಬೆಂಬಲಿಗರು ಪ್ರತಿ ಬುಧವಾರ ಸೋಲ್ ನಗರದ ಜಪಾನೀ ದೂತಾವಾಸದ ಮುಂದೆ ನಿಂತು ನ್ಯಾಯ ಕೇಳತೊಡಗಿದರು. ಅರ್ಧ ಶತಮಾನ ಕಾಲ ಬಂಧುಗಳಿಗೂ ಹೇಳದೆ ನುಂಗಿಕೊಂಡ ಸಂಕಟವದು. ಅಂಥವರ ಮುಂದೆ ಯಂತ್ರವನ್ನು ತಂದು ನಿಲ್ಲಿಸಿ ಹೇಳಿರೆಂದರೆ ಯಾರು ಹೇಳುತ್ತಾರೆ? ನಿರ್ದೇಶಕಿ ಮೊದಲು ಅವರ ಆಶ್ರಯಗೃಹಕ್ಕೆ ಹೋಗಿಬರುತ್ತ ವಿಶ್ವಾಸ ಗಳಿಸಿದರು. ಕ್ಯಾಮೆರಾ ಅನಂತರ ಬಂದಿತು. ಚಿತ್ರದಲ್ಲಿ ಆ ಸ್ತ್ರೀಯರು ಗೋಳಿಡುವುದು ಕಡಿಮೆ. ಹಾಡುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ಅವರನ್ನು ಕೇವಲ ಸಂತ್ರಸ್ತರೆಂದು ತೋರಿಸಿದ್ದರೆ ಅದು ಮತ್ತೊಂದು ಬಗೆಯ ಅಪಹಾರವಾಗುತ್ತಿತ್ತು.

ಇದರ ಮುಂದುವರಿಕೆ 1997ರಲ್ಲಿ ಬಂದಿತು. ಆ ಸ್ತ್ರೀಯರಲ್ಲೊಬ್ಬರಾದ ಕಾಂಗ್ ಡುಕ್-ಕ್ಯುಂಗ್ ಅವರು ಶ್ವಾಸಕೋಶದ ಕ್ಯಾನ್ಸರಿನಿಂದ ಬಳಲುತ್ತಿದ್ದಾಗ ತಮ್ಮ ಕೊನೆಯ ದಿನಗಳನ್ನು ಚಿತ್ರೀಕರಿಸುವಂತೆ ತಾವಾಗಿಯೇ ಕೇಳಿಕೊಂಡರು. ಹಿಂದೆ ಕ್ಯಾಮೆರಾವನ್ನು ಕಂಡರೆ ಮುಖ ಮರೆಸಿಕೊಳ್ಳುತ್ತಿದ್ದವರ ನಡುವಿನಿಂದಲೇ ಈ ಕೋರಿಕೆ ಹೊರಟಿತು. ಚಿತ್ರಕಾರಳು ತೆಗೆದುಕೊಂಡದ್ದಲ್ಲ ಅದು, ಅವರು ಕೊಟ್ಟದ್ದು. ಕೊಡದುದನ್ನು ತೆಗೆದುಕೊಳ್ಳುವುದಕ್ಕೂ ಕೊಟ್ಟುದನ್ನು ಸ್ವೀಕರಿಸುವುದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮತ್ತೊಂದು ನಿದರ್ಶನ ವಿರಳ. 1995ರ ಆ ಪ್ರಶಸ್ತಿಯ ಬಗೆಗೆ ಇನ್ನೊಂದು ಮಾತು. ಜಪಾನಿನ ತಪ್ಪನ್ನು ಎತ್ತಿ ಹೇಳುವ ಚಿತ್ರಕ್ಕೆ ಮನ್ನಣೆ ದೊರೆತದ್ದು ಜಪಾನಿನ ಒಂದು ನಗರದಲ್ಲಿ. ತನ್ನ ಮನೆಯವರ ತಪ್ಪನ್ನು ತನ್ನ ಅಂಗಳದಲ್ಲೇ ಕೇಳಿಸಿಕೊಳ್ಳುವ ಧೈರ್ಯ ಸಾಮಾನ್ಯವಾದುದಲ್ಲ.

ಚೀನಾದ ವಾಂಗ್ ಬಿಂಗ್ ಅವರಿಗೆ ಸಂದ ಗೌರವವನ್ನೂ ಇಲ್ಲಿ ನೆನೆಯಬೇಕು. ಶೆನ್‌ಯಾಂಗ್ ನಗರದ ಸರ್ಕಾರಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲದಲ್ಲಿ, 1999ರಿಂದ 2001ರವರೆಗೆ, ಅವರು ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ಅಲ್ಲಿನ ಕಾರ್ಮಿಕರ ನಡುವೆ ಓಡಾಡಿದರು. ಒಂಬತ್ತು ಗಂಟೆಗೂ ದೀರ್ಘವಾದ ಆ ಚಿತ್ರ 2003ರಲ್ಲಿ ಯಮಗಾತದ ಮಹಾಪ್ರಶಸ್ತಿ ಪಡೆಯಿತು. 2019ರಲ್ಲಿ ಎಂಟು ಗಂಟೆಗಳ ‘ಮೃತಾತ್ಮಗಳು’ ಎಂಬ ಅವರ ಚಿತ್ರಕ್ಕೂ ಅದೇ ಪ್ರಶಸ್ತಿ ಸಂದಿತು. 1957ರ ನಂತರ ಗಾನ್ಸು ಪ್ರಾಂತದ ಶಿಬಿರಗಳಿಗೆ ಅಟ್ಟಲ್ಪಟ್ಟು, ಹಸಿವಿನಿಂದ ಸಂಗಡಿಗರು ಸಾಯುವುದನ್ನು ಕಂಡು, ಹೇಗೋ ಉಳಿದು ಬಂದವರ ಮಾತುಗಳು ಅದರಲ್ಲಿವೆ. ಮಾತು ದಾಖಲಾಗಿ ಚಿತ್ರ ಪೂರ್ಣವಾಗುವಷ್ಟರಲ್ಲಿ ಅವರಲ್ಲಿ ಹಲವರು ತೀರಿಕೊಂಡಿದ್ದರು. ಇಷ್ಟು ಉದ್ದದ ಚಿತ್ರವನ್ನು ಯಾರು ನೋಡುತ್ತಾರೆಂದು ವ್ಯವಹಾರಜ್ಞರು ಕೇಳುವುದು ಸಹಜ. ಮುಪ್ಪಿನಲ್ಲಿರುವವನು ತನ್ನ ಬದುಕನ್ನು ಹೇಳತೊಡಗಿದಾಗ ಗಡಿಯಾರ ನೋಡುವುದು ಸೌಜನ್ಯವಲ್ಲ ಎಂಬುದೇ ಇದಕ್ಕೆ ಉತ್ತರ. ಪ್ರೇಕ್ಷಕನು ಕೊಡುವ ಕಾಲವೂ ಆ ಋಣದ ಒಂದು ಕಂತು.

ಹಾಗೆಂದು ಯಮಗಾತದಲ್ಲಿ ತೋರಿಸಿದುದೆಲ್ಲ ನಿರ್ದೋಷವೆಂದು ತಿಳಿಯಬೇಕಿಲ್ಲ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಗೆ ಈಶಾನ್ಯ ಜಪಾನಿನ ಕರಾವಳಿ ತತ್ತರಿಸಿತು. ಅದೇ ಅಕ್ಟೋಬರಿನಲ್ಲಿ ಉತ್ಸವ ನಡೆಯಿತು. ದುರಂತದ ಚಿತ್ರಗಳಿಗೆಂದೇ ಒಂದು ವಿಭಾಗವನ್ನು ತೆರೆಯಲಾಯಿತು. ಅಲ್ಲಿ ಪ್ರದರ್ಶಿತವಾದ ‘311’ ಎಂಬ ಚಿತ್ರ ತೀವ್ರ ಚರ್ಚೆಗೆ ಗುರಿಯಾಯಿತು. ಮೋರಿ ತತ್ಸುಯ ಮತ್ತು ಇತರ ಮೂವರು ಕ್ಯಾಮೆರಾ ಹಿಡಿದು ದುರಂತದ ಪ್ರದೇಶಕ್ಕೆ ಧಾವಿಸಿ ತೆಗೆದ ಚಿತ್ರವಿದು. ಶವವೊಂದನ್ನು ಸಾಗಿಸುವುದನ್ನು ಅವರು ಚಿತ್ರೀಕರಿಸುತ್ತಿರುವಾಗ ನೊಂದವರ ಕಡೆಯಿಂದ ಒಂದು ಕಟ್ಟಿಗೆಯ ತುಂಡು ಅವರತ್ತ ಎಸೆಯಲ್ಪಡುತ್ತದೆ. ಆ ಏಟನ್ನು ಅವರು ಕತ್ತರಿಸಿ ಹಾಕದೆ ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ.

ಇದನ್ನು ಹೇಗೆ ಅರ್ಥೈಸಬೇಕು? ತಮ್ಮ ಲಜ್ಜೆಯನ್ನು ತಾವೇ ಬಯಲಿಗಿಟ್ಟದ್ದು ಪ್ರಾಮಾಣಿಕತೆಯೆಂದು ಕೆಲವರು ಒಪ್ಪಬಹುದು. ಆದರೆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ತಪ್ಪಿನಿಂದ ಒಂದು ಚಿತ್ರವನ್ನು ಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕಟ್ಟಿಗೆ ಎಸೆದವರ ದುಃಖ ಆ ಚಿತ್ರದಲ್ಲಿ ನಾಲ್ವರು ಚಿತ್ರಕಾರರ ಆತ್ಮಪರೀಕ್ಷೆಗೆ ಸಾಧನವಾಗಿಬಿಟ್ಟಿದೆ. ಅವರು ಯಾರನ್ನು ಕಳೆದುಕೊಂಡರು, ಮುಂದೆ ಅವರ ಬದುಕೇನಾಯಿತು ಎಂಬುದರ ಕಡೆಗೆ ಕ್ಯಾಮೆರಾ ತಿರುಗುವುದಿಲ್ಲ. ಮಗಿನೊ ಗ್ರಾಮದ ವರ್ಷಗಳನ್ನು ಬಲ್ಲವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಆದರೂ ಅಂಥ ಚಿತ್ರವನ್ನು ಬಚ್ಚಿಡದೆ ತೋರಿಸಿ, ನಿರ್ದೇಶಕರು ಬಿರುನುಡಿಗಳನ್ನು ಎದುರಿಸುವಂತೆ ಮಾಡಿದ್ದು ಉತ್ಸವದ ಪಾಲಿಗೆ ಜಮೆಯಾಗಬೇಕಾದ ಅಂಶ. ಮುಂದೆ 2014ರಲ್ಲಿ ಆ ದುರಂತದ ಚಿತ್ರಗಳನ್ನು ಸಂರಕ್ಷಿಸುವ ಸಂಗ್ರಹವನ್ನೂ ಉತ್ಸವವೇ ಸ್ಥಾಪಿಸಿತು.

ಆದರೆ ಜಮೆಯ ಪುಟವನ್ನಷ್ಟೇ ಓದಿ ಪುಸ್ತಕವನ್ನು ಮುಚ್ಚುವುದು ನ್ಯಾಯವಲ್ಲ. ಖರ್ಚಿನ ಪುಟವನ್ನೂ ತಿರುವಬೇಕು. ಅಲ್ಲಿ ಮೊದಲು ಸಿಕ್ಕುವುದು ಒಗಾವ ಅವರ ಹೆಸರೇ. ಅಮೆರಿಕದ ನಿರ್ದೇಶಕಿ ಬಾರ್ಬರಾ ಹ್ಯಾಮರ್ ಅವರು 2000ದಲ್ಲಿ ಒಗಾವ ತಂಡದ ಬಗೆಗೆ ಒಂದು ಚಿತ್ರವನ್ನು ತಯಾರಿಸಿದರು. ತಂಡದ ಹಳೆಯ ಸದಸ್ಯರು ಅದರಲ್ಲಿ ಮಾತನಾಡಿದ್ದಾರೆ. ಅವರ ಮಾತುಗಳಿಂದ ತಿಳಿದುಬರುವ ಚಿತ್ರ ಅಷ್ಟು ಹಿತವಾದುದಲ್ಲ. ವರ್ಷಗಟ್ಟಲೆ ಸಂಬಳವಿಲ್ಲದ ದುಡಿಮೆ. ಒಬ್ಬರ ಸಂಕಲ್ಪಕ್ಕೆ ಎಲ್ಲರ ಬದುಕೂ ಅಧೀನ. ಹೆಂಗಸರ ಪಾಲಿಗೆ ಬಹುಮಟ್ಟಿಗೆ ಅಡುಗೆ, ಬಟ್ಟೆ, ಮನೆವಾರ್ತೆ. ಒಗಾವ ತೀರಿಕೊಂಡಾಗ ತಂಡದ ಮೇಲೆ ದೊಡ್ಡ ಸಾಲದ ಹೊರೆಯೂ ಇತ್ತು. ಹೊರಗಿನ ರೈತರ ಋಣವನ್ನು ಅಷ್ಟು ಸೂಕ್ಷ್ಮವಾಗಿ ಅರಿತಿದ್ದ ವ್ಯಕ್ತಿ ತನ್ನ ಮನೆಯೊಳಗಿನವರ ಋಣವನ್ನು ಬರೆದಿಡಲೇ ಇಲ್ಲ.

ಇಲ್ಲಿ ಎರಡು ಬಗೆಯ ಅವಸರದ ತೀರ್ಪುಗಳಿಗೆ ಅವಕಾಶವಿದೆ. ಕಲೆ ದೊಡ್ಡದಾದುದರಿಂದ ಉಳಿದುದನ್ನು ಮರೆಯಬಹುದು ಎಂಬುದು ಒಂದು. ವ್ಯಕ್ತಿ ತಪ್ಪಿದುದರಿಂದ ಅವನ ಕೃತಿಯೂ ಸುಳ್ಳು ಎಂಬುದು ಇನ್ನೊಂದು. ಎರಡೂ ಲೆಕ್ಕದ ಒಂದೊಂದು ಮಗ್ಗುಲನ್ನು ಮಾತ್ರ ನೋಡುತ್ತವೆ. ಮಗಿನೊ ಗ್ರಾಮದ ಬತ್ತದ ಹೂವು ನಿಜ. ಅದನ್ನು ಕಾದು ಕುಳಿತವರಿಗೆ ಅನ್ನ ಬೇಯಿಸಿದ ಕೈಗಳಿಗೆ ಸಲ್ಲಬೇಕಾದ ಮನ್ನಣೆ ಸಲ್ಲದಿದ್ದುದೂ ನಿಜ. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಸತ್ಕಾರ್ಯದ ಹೆಸರಿನಲ್ಲಿ ನಡೆಯುವ ಸಂಸ್ಥೆಗಳೆಲ್ಲ ಇದನ್ನು ಗಮನಿಸಬೇಕು. ಉದ್ದೇಶ ಉನ್ನತವಾಗಿದ್ದಷ್ಟೂ ಜೊತೆಗಾರರ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯುವ ಮೋಹ ಹೆಚ್ಚು. ಕೊಡುವವರೂ ನಾಚಿಕೆಯಿಂದ ಕೇಳುವುದಿಲ್ಲ.

ತೀರದ ಋಣವನ್ನು ಬೇರೊಬ್ಬರು ಕೈಲಾದಷ್ಟು ತೀರಿಸಿದ ಪ್ರಸಂಗವೂ ಇದೇ ಕಥೆಯಲ್ಲಿದೆ. ಯಮಗಾತ ಪ್ರದೇಶದಲ್ಲಿ ಪರ್ಸಿಮನ್ ಹಣ್ಣುಗಳ ಸಿಪ್ಪೆ ಹೆರೆದು, ದಾರಕ್ಕೆ ಪೋಣಿಸಿ, ಸಾಲುಸಾಲಾಗಿ ತೂಗುಹಾಕಿ ಒಣಗಿಸುವ ಸಂಪ್ರದಾಯವಿದೆ. ಅದರ ಬಗೆಗೆ ಒಗಾವ ಚಿತ್ರೀಕರಿಸಿದ್ದ ಸುರುಳಿಗಳು ಅವರ ಮರಣದಿಂದಾಗಿ ಹಾಗೆಯೇ ಉಳಿದಿದ್ದವು. ಚೀನಾದ ನಿರ್ದೇಶಕಿ ಪೆಂಗ್ ಷಿಯಾವೊಲಿಯನ್ ಅವರು ಮತ್ತೆ ಅದೇ ಊರಿಗೆ ಹೋಗಿ, ಉಳಿದ ಭಾಗವನ್ನು ತೆಗೆದು, 2001ರಲ್ಲಿ ಚಿತ್ರವನ್ನು ಪೂರ್ಣಗೊಳಿಸಿದರು. ಹಿಂದೆ ಯುದ್ಧದಲ್ಲಿ ಪರಸ್ಪರ ಕಾದಾಡಿದ ಎರಡು ದೇಶಗಳ ಇಬ್ಬರು ಕಲಾವಿದರ ಕೆಲಸ ಒಂದೇ ಚಿತ್ರದಲ್ಲಿ ಕೂಡಿಕೊಂಡಿದೆ. ಹಣ್ಣು ಹೆರೆಯುವ ಯಂತ್ರವನ್ನು ಯಾರು ಮೊದಲು ಮಾಡಿದರೆಂಬ ಹಳ್ಳಿಗರ ಸಣ್ಣ ಹೆಮ್ಮೆಯೂ ಅದರಲ್ಲಿ ಜೋಪಾನವಾಗಿದೆ.

ಇನ್ನು ಉತ್ಸವ ನಡೆಸುವವರ ಸ್ವಾತಂತ್ರ್ಯದ ಮಾತು. ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ 1996ರಲ್ಲಿ ಆರಂಭವಾದ ಚಲನಚಿತ್ರೋತ್ಸವ ಯಮಗಾತಕ್ಕಿಂತ ಬಹುಪಾಲು ದೊಡ್ಡದು, ವೈಭವದ್ದು. 2014ರಲ್ಲಿ ಸೆವೊಲ್ ಹಡಗು ಮುಳುಗಿ ಮುನ್ನೂರಕ್ಕೂ ಹೆಚ್ಚು ಜನ, ಅದರಲ್ಲೂ ಶಾಲಾ ಮಕ್ಕಳು, ಪ್ರಾಣ ಕಳೆದುಕೊಂಡರು. ಅದೇ ವರ್ಷ ಆ ದುರಂತದ ಸಾಕ್ಷ್ಯಚಿತ್ರವನ್ನು ತೋರಿಸಕೂಡದೆಂದು ನಗರದ ಮೇಯರ್ ಒತ್ತಾಯಿಸಿದರು. ಉತ್ಸವದವರು ಮಣಿಯದೆ ತೋರಿಸಿದರು. ಅನಂತರದ ವರ್ಷಗಳಲ್ಲಿ ಲೆಕ್ಕ ತಪಾಸಣೆ, ಅನುದಾನದ ಕಡಿತ, ಕೊನೆಗೆ 2016ರಲ್ಲಿ ಉತ್ಸವದ ನಿರ್ದೇಶಕರ ಪದಚ್ಯುತಿ ಇವೆಲ್ಲ ನಡೆದವು. ಹಣ ಕೊಡುವವನ ಕೈ ಎಷ್ಟು ದೂರ ಚಾಚಬಹುದೆಂಬುದಕ್ಕೆ ಇದೊಂದು ಪಾಠ. ಯಮಗಾತದ ಉತ್ಸವವೂ ಆರಂಭದಲ್ಲಿ ನಗರಸಭೆಯ ಕೂಸೇ. ಮುಂದೆ ಅದು ಪ್ರತ್ಯೇಕವಾದ ಲಾಭರಹಿತ ಸಂಸ್ಥೆಯಾಯಿತು. ದಾನಿ ದೂರ ಸರಿದು ನಿಲ್ಲುವುದನ್ನು ಕಲಿತಾಗಲೇ ದಾನ ಪೂರ್ಣವಾಗುತ್ತದೆ.

ಯಮಗಾತದ ನಿಜವಾದ ಬಂಡವಾಳ ಅಲ್ಲಿನ ಜನ. ಸ್ವಯಂಸೇವಕರು ಮೊದಲ ವರ್ಷದಿಂದಲೂ ಈ ಉತ್ಸವದ ಬೆನ್ನೆಲುಬಾಗಿದ್ದಾರೆ. ದಿನದ ಪ್ರದರ್ಶನಗಳು ಮುಗಿದ ಮೇಲೆ ಚಿತ್ರಕಾರರೂ ಪ್ರೇಕ್ಷಕರೂ ಒಟ್ಟಾಗಿ ಸೇರುತ್ತಿದ್ದುದು ಒಂದು ಶತಮಾನಕ್ಕೂ ಹಳೆಯದಾದ ಉಪ್ಪಿನಕಾಯಿ ವ್ಯಾಪಾರಿಯ ಕಟ್ಟಡದಲ್ಲಿ. ಅಲ್ಲಿ ಪ್ರಸಿದ್ಧ ನಿರ್ದೇಶಕನ ಎದುರಿಗೆ ಊರಿನ ಅಂಗಡಿಕಾರ ಚಾಪೆಯ ಮೇಲೆ ಕುಳಿತು, ಈ ದೃಶ್ಯವನ್ನು ಏಕೆ ಹೀಗೆ ತೆಗೆದಿರಿ ಎಂದು ಕೇಳಬಹುದಿತ್ತು. ಆ ವ್ಯಾಪಾರ 2020ರಲ್ಲಿ ಮುಚ್ಚಿತು. 2021ರ ಉತ್ಸವವು ಸಾಂಕ್ರಾಮಿಕದ ನಿಮಿತ್ತ ಅಂತರಜಾಲದಲ್ಲಿ ನಡೆಯಿತು. 2023ರಲ್ಲಿ ಜನ ಮತ್ತೆ ಚಿತ್ರಮಂದಿರಗಳಲ್ಲಿ ಕಲೆತರು. ಕಟ್ಟಡ ಹೋದರೂ ಪ್ರಶ್ನೆ ಕೇಳುವ ಪರಿಪಾಠ ಉಳಿದರೆ ನಷ್ಟ ಸಹ್ಯವೆನ್ನಬೇಕು.

ಒಟ್ಟಿನಲ್ಲಿ ಈ ಉತ್ಸವದ ಹಿರಿಮೆ ಅದು ಕೊಟ್ಟ ಪ್ರಶಸ್ತಿಗಳ ಸಂಖ್ಯೆಯಲ್ಲಿಲ್ಲ. ತೆಗೆದವನಿಗೂ ತೆಗೆಯಲ್ಪಟ್ಟವರಿಗೂ ನಡುವೆ ಒಂದು ಲೆಕ್ಕವಿದೆ, ಅದನ್ನು ಸಾರ್ವಜನಿಕವಾಗಿ ಪರಿಶೀಲಿಸಬೇಕು ಎಂಬ ಮಾತನ್ನು ಅದು ಮೂರು ದಶಕಗಳಿಗೂ ಮೀರಿ ಜೀವಂತವಾಗಿಟ್ಟಿದೆ. ಆದರೂ ಪ್ರಶಸ್ತಿಪತ್ರದಲ್ಲಿ ಬರೆಯುವುದು ನಿರ್ದೇಶಕನ ಹೆಸರನ್ನೇ. ಆ ವೃದ್ಧೆಯರ, ಆ ಕಾರ್ಮಿಕರ, ಆ ರೈತರ ಹೆಸರುಗಳಿಗೆ ಅದರಲ್ಲಿ ಸ್ಥಳವಿಲ್ಲ. ಈ ಕಲೆಯ ಲೆಕ್ಕದಲ್ಲಿ ಇನ್ನೂ ತೀರದ ಬಾಕಿಯಿದು.

ಇಂದು ಕ್ಯಾಮೆರಾ ಚಿತ್ರಕಾರರ ಸೊತ್ತಾಗಿ ಉಳಿದಿಲ್ಲ. ಪ್ರತಿ ಮನೆಯಲ್ಲೂ, ಪ್ರತಿ ಕೈಯಲ್ಲೂ ಇದೆ. ಹಾಸಿಗೆ ಹಿಡಿದ ಅಜ್ಜಿಯ ಮುಖ, ಅನ್ನದಾನದ ಸಾಲಿನಲ್ಲಿ ಕೈಚಾಚಿದ ಬಡವನ ಮುಖ, ಸಹಾಯಧನ ಪಡೆಯುವ ವಿದ್ಯಾರ್ಥಿಯ ತಗ್ಗಿದ ತಲೆ ಇವೆಲ್ಲ ಕ್ಷಣಮಾತ್ರದಲ್ಲಿ ಚಿತ್ರಗಳಾಗಿ ಊರೂರು ಸುತ್ತುತ್ತವೆ. ತೆಗೆಯುವವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅವರನ್ನು ಕೇಳಿದ್ದುಂಟೇ? ತೆಗೆದುದನ್ನು ಅವರಿಗೆ ತೋರಿಸಿದ್ದುಂಟೇ? ಬೇಡವೆಂದು ಅವರು ಹೇಳಿದ್ದರೆ ಅಳಿಸುತ್ತಿದ್ದೆವೇ? ಯಮಗಾತದ ಗದ್ದೆಗಳಲ್ಲಿ ಕೆಲವರು ಹತ್ತಾರು ವರ್ಷ ಕಳೆದು ಕಂಡುಕೊಂಡ ಪ್ರಶ್ನೆಗಳಿವು. ಗುಂಡಿ ಒತ್ತುವ ಮೊದಲು ಅವುಗಳನ್ನು ಕೇಳಿಕೊಳ್ಳಲು ಒಂದು ನಿಮಿಷ ಸಾಕು.